ಒಳ್ಳೆ ಮನಸ್ಸಿದ್ದರೆ ಸಾಕಾ?

ದಾವಣಗೆರೆಯಲ್ಲಿ ಬಿ.ಕಾಂ. ಮುಗಿಸಿದ ಅಕ್ಕನ ಮಗಳು ಇಲ್ಲಿ ಅಮೆರಿಕದಲ್ಲಿ ಎಂಎಸ್‌ಡಬ್ಲ್ಯೂಗೆ, ಅಂದರೆ ಸಮಾಜಕಾರ್ಯದ ಮಾಸ್ಟರ್ಸ್ ಡಿಗ್ರಿಗೆ, ಅರ್ಜಿ ಹಾಕಿದ್ದಳು. ಸಮಾಜಶಾಸ್ತ್ರ, ಮನಃಶಾಸ್ತ್ರ, ಮನುಷ್ಯನ ದೇಹದ ಬಗ್ಗೆ ಜೀವಶಾಸ್ತ್ರ, ಒಂದೊಂದು ಕೋರ್ಸ್ ಮುಗಿಸಿ ಬನ್ನಿ ಎಂದು ಉತ್ತರ ಬಂತು. ಸ್ಟ್ಯಾಟಿಸ್ಟಿಕ್ಸ್ ಬಿ.ಕಾಂ.ನಲ್ಲೇ ಆಗಿತ್ತು, ಅದೊಂದು ಬಚಾವ್. "ಸಮಾಜ ಸೇವೆ ಮಾಡೋಕೆ ಕಿಡ್ನಿ ವಿಷಯ ಯಾಕೆ ಬೇಕು ಮಾಮ?" ಎಂದು ಫೋನಿನಲ್ಲಿ ರೇಗಿದಳು. ನನಗೂ ಚುರ್ ಎಂದಿತು. ನಮ್ಮ ಕಡೆ ಯಾವ ಡಿಗ್ರಿ ಇದ್ದರೂ ಸೇರಬಹುದು. ಯಾಕೆ ಸೇರುತ್ತೀಯಾ ಎಂದರೆ "ಬಡವರ ಸೇವೆ ಮಾಡಬೇಕು ಸರ್" ಎಂದರಾಯಿತು.

ಆದರೆ ಇಲ್ಲಿನ ಆಸ್ಪತ್ರೆಯ ಸೋಷಿಯಲ್ ವರ್ಕರ್ ಒಬ್ಬರು ಹೇಳಿದ್ದು ಕೇಳಿ. ನಿನ್ನೆಯವರೆಗೆ ಸರಿಯಿದ್ದ ಅಜ್ಜಿ ಇದ್ದಕ್ಕಿದ್ದಂತೆ ಮಗನನ್ನೇ ಗುರುತಿಸಲಿಲ್ಲ. ಮನೆಯವರು ವೃದ್ಧಾಶ್ರಮ ಹುಡುಕೋಕೆ ಶುರು ಮಾಡಿದ್ದರು. ಇವರು ಮಾತ್ರ ಮೊದಲು ಮೂತ್ರ ಪರೀಕ್ಷೆ ಆಗಿದೆಯಾ ಎಂದು ಕೇಳಿದರು. ವಯಸ್ಸಾದವರಲ್ಲಿ ಮೂತ್ರದ ಸೋಂಕು ಹೀಗೆ ಗೊಂದಲ ತರಬಲ್ಲದು. ಸೋಂಕೇ ಇತ್ತು. ಔಷಧಿ ಕೊಟ್ಟ ಮೇಲೆ ಅಜ್ಜಿ ಚೇತರಿಸಿಕೊಂಡರು. ನಮ್ಮಲ್ಲಾಗಿದ್ದರೆ "ಅರಳು ಮರಳು" ಎಂದು ಸುಮ್ಮನಾಗುತ್ತಿದ್ದೆವು, ಅಲ್ವಾ?

ಸ್ಟ್ಯಾಟಿಸ್ಟಿಕ್ಸ್ ಕೂಡ ಹಾಗೇ. ಹತ್ತು ಮನೆಯ ಕೇರಿಯಲ್ಲಿ ಒಬ್ಬನೇ ಅಡಿಕೆ ಸಾಹುಕಾರ ಇದ್ದರೂ ಸರಾಸರಿ ಆದಾಯ ಚೆನ್ನಾಗಿಯೇ ಕಾಣುತ್ತದೆ. ಉಳಿದ ಒಂಬತ್ತು ಮನೆ ವರದಿಯಲ್ಲಿ ಮಾಯ.

ನಮ್ಮಲ್ಲೂ ಮೊದಲ ಸೆಮಿಸ್ಟರಿನಲ್ಲಿ ಸಮಾಜಶಾಸ್ತ್ರ, ಮನಃಶಾಸ್ತ್ರ ಕಲಿಸುತ್ತಾರೆ. ಆದರೆ ಅಷ್ಟೊತ್ತಿಗೆ ಹುಡುಗರು ಫೀಲ್ಡ್ ವರ್ಕ್ ಎಂದು ಯಾರದೋ ಮನೆ ಬಾಗಿಲಲ್ಲಿ ನಿಂತಿರುತ್ತಾರೆ. ಪಿಯುಸಿಯಲ್ಲಿ ಮಾರ್ಕ್ಸ್ ಕಡಿಮೆ ಬಂದವರಿಗೆ ಆರ್ಟ್ಸ್ ಎಂದು ತಳ್ಳಿದ ವಿಷಯಗಳನ್ನು ಆಮೇಲೆ ಗೈಡ್ ಓದಿ ದಾಟಿಸಿಬಿಡುತ್ತೇವೆ. ನನಗೆ ಸಿಟ್ಟು ಬರುವುದು ಇದಕ್ಕೇ.

ಸರಿ, ಇಲ್ಲೂ ಎಲ್ಲ ಕಡೆ ಹೀಗಿಲ್ಲ. ಕೆಲವು ವಿಶ್ವವಿದ್ಯಾಲಯಗಳು ಯಾವ ಡಿಗ್ರಿಯಾದರೂ ತೆಗೆದುಕೊಳ್ಳುತ್ತವೆ. ಕೋರ್ಸ್ ಕೇಳುವ ಕಡೆ ಅದಕ್ಕೆ ದುಡ್ಡು ಕೊಡಲಾಗದವರು ಬಾಗಿಲಲ್ಲೇ ಉಳಿಯುತ್ತಾರೆ, ಅವರಲ್ಲಿ ಬಡತನ ಕಂಡು ಬೆಳೆದವರೇ ಜಾಸ್ತಿ. ಮುಂಬೈಯಲ್ಲಿ 1936ರಲ್ಲಿ ಸಮಾಜಕಾರ್ಯ ಕಲಿಸುವ ಟಾಟಾ ಸಂಸ್ಥೆ ಶುರುವಾದಾಗ ಮೊದಲ ನಿರ್ದೇಶಕರಾಗಿದ್ದವರು ಅಮೆರಿಕದ ಕ್ಲಿಫರ್ಡ್ ಮ್ಯಾನ್ಶಾರ್ಟ್. ಅಂದರೆ ನಮ್ಮ ದಾರಿಗೂ ಇಲ್ಲಿಯ ನಂಟು ಇದೆ.

ಫೀಲ್ಡ್ ವರ್ಕ್ ಇಲ್ಲೂ ಕನಿಷ್ಠ 900 ಗಂಟೆ ಇದೆ. ಆದರೆ ನಮ್ಮ ಗ್ರಾಮೀಣ ಶಿಬಿರದಂಥದ್ದನ್ನು ನಾನಿಲ್ಲಿ ಕಂಡಿಲ್ಲ. ಶಿಬಿರದಲ್ಲಿ ನಮ್ಮ ಹುಡುಗರು ಊರಿನ ಶಾಲೆಯಲ್ಲಿ ಚಾಪೆ ಹಾಸಿ ಮಲಗಿ, ಬೆಳಿಗ್ಗೆ ಚರಂಡಿ ಎತ್ತಿ, ಮಧ್ಯಾಹ್ನ ಮನೆಮನೆ ಸರ್ವೆ ಮಾಡುತ್ತಾರೆ. ಯಾವ ಕೇರಿಗೆ ನಲ್ಲಿ ಬಂದಿದೆ, ಯಾವುದಕ್ಕೆ ಬಂದಿಲ್ಲ ಎಂದು ಕಣ್ಣಾರೆ ನೋಡುತ್ತಾರೆ. ಯಾರ ಜಗುಲಿ ಮೇಲೆ ಮೊದಲು ಕೂತರೆ ಇನ್ಯಾರು ಮಾತು ಬಿಡುತ್ತಾರೆ ಎನ್ನುವುದು ಎರಡನೇ ದಿನಕ್ಕೇ ತಿಳಿಯುತ್ತದೆ. ಒಪ್ಪಿಕೊಳ್ಳಲು ಮನಸ್ಸಿಲ್ಲ, ಆದರೆ ಇದರಲ್ಲಿ ನಮ್ಮ ಹುಡುಗರೇ ಮುಂದೆ.