ಕಿಟ್ ಯಾಕೆ, ಕರಿ ಹಾಳೆ ಸಾಕು

ರಜೆಯಲ್ಲಿ ಮಕ್ಕಳ ಕೈಗೆ ಮೊಬೈಲ್ ಬದಲು ಕೆಲಸ ಕೊಡಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ತುಂಬಾ ಖುಷಿಯಾಯ್ತು. ಆದರೆ ಅದಕ್ಕೆ ದುಬಾರಿ ಕ್ರಾಫ್ಟ್ ಕಿಟ್ ಬೇಕು ಅನ್ನೋದನ್ನು ನಾನು ಒಪ್ಪಲ್ಲ.

ನಾವು ಬೀದರಿನವರು. ಬಿಸಿಲೇರುವ ಮೊದಲೇ ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋಗುತ್ತೇವೆ. ಸತುವಿನ ಮೇಲೆ ಬೆಳ್ಳಿಯ ಹೂಬಳ್ಳಿ ಕೂರಿಸಿದ ಬಿದರಿ ಪಾತ್ರೆಗೆ ಕಪ್ಪು ಬರುವುದು ಈ ಹಳೇ ಕೋಟೆಯ ಮಣ್ಣಿನಿಂದ ಅಂದರೆ ಅವರ ಕಣ್ಣು ಅರಳುತ್ತದೆ. ಮಣ್ಣನ್ನು ನವಸಾಗರ ಅನ್ನೋ ಲವಣದ ಜೊತೆ ನೀರಿನಲ್ಲಿ ಕಾಯಿಸಿ ಪಾತ್ರೆ ಅದ್ದುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ! ಮನೆಗೆ ಬಂದು ಕರಿ ಡ್ರಾಯಿಂಗ್ ಹಾಳೆಯ ಮೇಲೆ ಅದೇ ಹೂಬಳ್ಳಿ. ರೊಟ್ಟಿ ಸುತ್ತುವ ಫಾಯಿಲನ್ನು ಸಣ್ಣ ಎಳೆಗಳಾಗಿ ಕತ್ತರಿಸಿ, ಗೋಂದು ಹಚ್ಚಿ, ಉಗುರಿನಿಂದ ಉಜ್ಜಿ ಕೂರಿಸಬೇಕು. ಚಿಕ್ಕವರಿಗೆ ಚುಕ್ಕಿ, ದೊಡ್ಡವರಿಗೆ ಬಳ್ಳಿ.

ತಿನ್ನೋಕೆ ಶೇಂಗಾ ಉಂಡೆ. ನಾವು ಹುರಿದು ಕೊಟ್ಟರೆ ಸಾಕು. ಸಿಪ್ಪೆ ಉಜ್ಜಿ ಊದಿ ಹಾರಿಸುವುದು ಮಕ್ಕಳಿಗೆ ದೊಡ್ಡ ಹಬ್ಬ, ಅಂಗಳ ತುಂಬಾ ಸಿಪ್ಪೆ. ಬೆಲ್ಲ ಹಾಕಿ ತರಿತರಿಯಾಗಿ ಕುಟ್ಟಿದರೆ ಶೇಂಗಾದ ಎಣ್ಣೆಯಲ್ಲೇ ಉಂಡೆ ನಿಲ್ಲುತ್ತದೆ, ಪಾಕ ಬೇಡ. ಕುಟ್ಟಿದ್ದು ಬೆಚ್ಚಗಿರುವಾಗಲೇ ಕಟ್ಟಿಸಿ. ಐದು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಇಡೀ ಶೇಂಗಾ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.