ಮೊಹರಂಗೆ ಊರಿಗೆ ಬಂದವರ ಬಿಪಿ ಯಾರು ನೋಡುತ್ತಾರೆ?

ಸಿಂಧನೂರಿನ ಕಡೆ ಈಗೀಗ ವಾಟ್ಸಾಪ್ ತೆರೆದರೆ ಸಾಕು, ಫುಲ್ ಬಾಡಿ ಚೆಕಪ್ ಜಾಹೀರಾತು. 70 ಟೆಸ್ಟ್, 80 ಟೆಸ್ಟ್, ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರಂತೆ. ಆಮೇಲೆ ಮೊಬೈಲಿಗೆ ಉದ್ದನೆಯ ರಿಪೋರ್ಟ್ ಬರುತ್ತದೆ. ಕೆಂಪು ಅಕ್ಷರ ಕಂಡವರು ಗಾಬರಿಯಾಗುತ್ತಾರೆ, ಕಾಣದವರು ಆರಾಮಾಗಿ ಮಲಗುತ್ತಾರೆ. ಇಷ್ಟರಲ್ಲಿ ಒಬ್ಬ ಡಾಕ್ಟರೂ ಅವರ ಬಾಯಿ ನೋಡಿರುವುದಿಲ್ಲ, ಕಾಲು ಮುಟ್ಟಿರುವುದಿಲ್ಲ.

ಮೂವತ್ತು ದಾಟಿದವರಿಗೆಲ್ಲ ವರ್ಷಕ್ಕೊಮ್ಮೆ ತಪಾಸಣೆ ಆಗಲೇಬೇಕು ಅನ್ನುವವಳು ನಾನು. ಆದರೆ ನಮ್ಮ ರಾಯಚೂರು ಜಿಲ್ಲೆಗೆ ಬೇಕಾಗಿರುವುದು ನಾಲ್ಕೈದು ಸಣ್ಣ ಪರೀಕ್ಷೆ. ಅವು ಸರಿಯಾಗಿ ಆಗಬೇಕು, ದುಡಿಯುವ ಜನ ಕೈಗೆ ಸಿಗುವ ಹೊತ್ತಿನಲ್ಲಿ ಆಗಬೇಕು.

ತಪಾಸಣೆಯಿಂದ ಏನೂ ಉಪಯೋಗ ಇಲ್ಲ ಅಂತ ವಾದಿಸುವವರೂ ಇದ್ದಾರೆ. ಅವರು ತೋರಿಸುವುದು 2019ರ ಕಾಕ್ರೇನ್ ವಿಮರ್ಶೆಯನ್ನು. ಕಾಕ್ರೇನ್ ಅಂದರೆ ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಅಂತರರಾಷ್ಟ್ರೀಯ ಸಂಸ್ಥೆ. ಸುಮಾರು ಎರಡೂವರೆ ಲಕ್ಷ ಜನರ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಸಾಮಾನ್ಯ ಚೆಕಪ್‌ನಿಂದ ಸಾವು ಕಡಿಮೆಯಾಗಿದ್ದು ಕಾಣಲಿಲ್ಲ. ಅದು ನಿಜ. ಆದರೆ ಆ ಅಧ್ಯಯನಗಳು ಹೆಚ್ಚಾಗಿ ಯುರೋಪ್, ಅಮೆರಿಕದವು. ಅಲ್ಲಿ ಬೇರೆ ಯಾವುದಕ್ಕೋ ಡಾಕ್ಟರ ಹತ್ತಿರ ಹೋದಾಗಲೇ ಬಿಪಿ ನೋಡಿ ಬರೆದಿಟ್ಟಿರುತ್ತಾರೆ. ನಮ್ಮಲ್ಲಿ ಜ್ವರಕ್ಕೆ ಹೋದರೆ ಸೂಜಿ, ಸುಸ್ತಿಗೆ ಹೋದರೆ ಸಲೈನ್ ಬಾಟಲಿ. ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್‌ನ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತಲ್ಲ, ಅದರ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಶುಗರ್ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಇವರಲ್ಲಿ ಎಷ್ಟೋ ಜನರಿಗೆ ಅದು ಗೊತ್ತೇ ಇಲ್ಲ.

ನಮ್ಮ ಕಾಕಾನನ್ನೇ ನೋಡಿ. "ನನಗೇನಾಗ್ಯಾದವ್ವ? ನೆಲ್ಲಿನ ಚೀಲ ಇನ್ನೂ ಒಬ್ಬನ ಎತ್ತತೀನಿ" ಅನ್ನುತ್ತಿದ್ದರು. ತಲೆನೋವಿಲ್ಲ, ಚಕ್ಕರ್ ಇಲ್ಲ. ಒತ್ತಾಯ ಮಾಡಿ ದವಾಖಾನೆಗೆ ಕರೆದುಕೊಂಡು ಹೋದೆವು. ಬಿಪಿ 170/100. ಸಾಮಾನ್ಯವಾಗಿ 140/90 ದಾಟಿದರೆ ಬಿಪಿ ಕಾಯಿಲೆ ಅನ್ನುತ್ತಾರೆ. ಖಾಲಿ ಹೊಟ್ಟೆಯ ಶುಗರ್ ಕೂಡ 126 ದಾಟಿತ್ತು, ಅಂದರೆ ಶುಗರ್ ಕಾಯಿಲೆಯ ಮಟ್ಟ.

ಶುಗರ್ ಇದ್ದವರ ಕಾಲಿನ ನರ ಸೋತು ಸ್ಪರ್ಶ ಗೊತ್ತಾಗದೆ ಹೋಗಬಹುದು. ಅದನ್ನು ನೋಡಲು ಅಲ್ಲಿನ ಸಿಸ್ಟರ್ ಕಾಕಾನಿಗೆ ಕಣ್ಣು ಮುಚ್ಚಲು ಹೇಳಿದರು. ತೆಳ್ಳನೆಯ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಇಟ್ಟು, ಅದು ಬಾಗುವವರೆಗೆ ಒತ್ತಿದರು. ಮುಟ್ಟಿದ್ದು ಗೊತ್ತಾದಾಗ ಹೂಂ ಅನ್ನಬೇಕು. ಹಿಮ್ಮಡಿಗೆ ಹೂಂ ಅಂದರು. ಹೆಬ್ಬೆರಳಿನ ಕೆಳಗೆ ಮುಟ್ಟಿದಾಗ ಸುಮ್ಮನೆ ಕೂತಿದ್ದರು. ಇನ್ನೊಮ್ಮೆ ಒತ್ತಿದರೂ ಸುಮ್ಮನೆ. ಬರಿಗಾಲಲ್ಲಿ ಗದ್ದೆಯ ಕೆಸರಿಗೆ ಇಳಿಯುವ ಮನುಷ್ಯ ಅವರು. ಗಾಜು ಚುಚ್ಚಿದರೂ ಗೊತ್ತಾಗದ ಕಾಲು ಅದು. ಗಾಯ ಕೀವಾಗಿ, ಕೊನೆಗೆ ಬೆರಳು ಕತ್ತರಿಸಬೇಕಾಗಿ ಬಂದವರನ್ನು ನಮ್ಮ ಓಣಿಯಲ್ಲೇ ನೋಡಿದ್ದೇವೆ. ಈ ಪರೀಕ್ಷೆಗೆ ಐದು ನಿಮಿಷವೂ ಬೇಕಿಲ್ಲ. ಯಾವ ರಕ್ತದ ಪ್ಯಾಕೇಜಿನಲ್ಲೂ ಇದು ಬರುವುದಿಲ್ಲ.

ಬಿಪಿ ನೋಡುವುದಕ್ಕೂ ಒಂದು ಪದ್ಧತಿ ಇದೆ. ಐದು ನಿಮಿಷ ಸುಮ್ನೆ ಕೂಡಬೇಕು. ಬೆನ್ನಿಗೆ ಆಸರೆ ಇರಬೇಕು, ಕಾಲು ನೆಲದ ಮೇಲಿರಬೇಕು, ತೋಳು ಎದೆಯ ಮಟ್ಟಕ್ಕೆ. ಪಟ್ಟಿಯನ್ನು ಬರಿ ತೋಳಿಗೆ ಕಟ್ಟಬೇಕು. ಅರ್ಧ ಗಂಟೆ ಮೊದಲು ಚಹಾ, ಬೀಡಿ ಬೇಡ. ಬಸ್ಸಿಳಿದು ಓಡಿ ಬಂದವರಿಗೆ ಅಂಗಿಯ ಮೇಲೆಯೇ ಪಟ್ಟಿ ಸುತ್ತಿದರೆ ಬರುವ ನಂಬರನ್ನು ನಂಬಬೇಡಿ, ಇನ್ನೊಮ್ಮೆ ನೋಡಿ ಅಂತ ಕೇಳಿ. ಕೇಳುವುದಕ್ಕೆ ನಾಚಿಕೆ ಯಾಕೆ?

ಬಾಯಿಯ ವಿಷಯ ಇನ್ನೂ ಬೇಸರ ತರಿಸುತ್ತದೆ. ಸಂತೆಯಲ್ಲಿ ಎತ್ತು ಕೊಳ್ಳುವಾಗ ಬಾಯಿ ತೆರೆಸಿ ಹಲ್ಲು ಎಣಿಸದೆ ನಮ್ಮ ರೈತರು ದುಡ್ಡು ಬಿಚ್ಚುವುದಿಲ್ಲ. ಅದೇ ರೈತನ ಮಗ ಗುಟ್ಕಾ ಹಾಕಿ ಹಾಕಿ ಬಾಯಿ ಪೂರ್ತಿ ತೆರೆಯಲಾಗದೆ ಇದ್ದರೂ ಯಾರೂ ಒಳಗೆ ಇಣುಕಿ ನೋಡುವುದಿಲ್ಲ. ಬಿಳಿ ಮಚ್ಚೆ, ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು ಇದ್ದರೆ ಡಾಕ್ಟರು ನೋಡಲೇಬೇಕು. ಅದಕ್ಕೆ ಒಂದು ಟಾರ್ಚ್ ಸಾಕು.

ಇನ್ನು ಮೂತ್ರ ಪರೀಕ್ಷೆ. ನಾಟಿ, ಕಳೆ ಕೀಳುವ ದಿನಗಳಲ್ಲಿ ಹೆಣ್ಣುಮಕ್ಕಳು ಸೊಂಟನೋವಿಗೆ ಅಂತ ಮೆಡಿಕಲ್ ಶಾಪಿನ ಗುಳಿಗೆ ನುಂಗಿಯೇ ದಿನ ದೂಡುತ್ತಾರೆ. ನೋವಿನ ಗುಳಿಗೆ ಜಾಸ್ತಿಯಾದರೆ ಕಿಡ್ನಿಗೆ ಪೆಟ್ಟು. ಕಿಡ್ನಿಯ ಕೆಲಸ ಸುಮಾರು ಅರ್ಧ ಕುಂದುವವರೆಗೂ ರಕ್ತದ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ಕಸ) ಸರಿ ಇದ್ದಂತೆಯೇ ತೋರಿಸಬಹುದು. ಶುಗರ್, ಬಿಪಿ ಇದ್ದವರಲ್ಲಿ ಮೂತ್ರದಲ್ಲಿ ಪ್ರೋಟೀನ್ ಅದಕ್ಕಿಂತ ಮೊದಲೇ ಕಾಣಿಸಿಕೊಳ್ಳುತ್ತದೆ. ಹೆಣ್ಣುಮಕ್ಕಳಿಗೆ ರಕ್ತಹೀನತೆ ನೋಡಬೇಕು. ಮೂವತ್ತರ ನಂತರ ಐದು ವರ್ಷಕ್ಕೊಮ್ಮೆ ಗರ್ಭಕೊರಳಿನ ಮತ್ತು ಸ್ತನದ ಕ್ಯಾನ್ಸರ್ ತಪಾಸಣೆ ಆಗಬೇಕು ಅಂತ ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ.

ಇವೆಲ್ಲ ಸರ್ಕಾರಿ ವ್ಯವಸ್ಥೆಯಲ್ಲಿ ಇಲ್ಲದ್ದೇನಲ್ಲ. ಮೂವತ್ತು ದಾಟಿದವರ ಬಿಪಿ, ಶುಗರ್, ಬಾಯಿ ನೋಡುವ ಕಾರ್ಯಕ್ರಮ ಊರಿನ ಆರೋಗ್ಯ ಉಪಕೇಂದ್ರಗಳಿಗೆ ಬಂದು ವರ್ಷಗಳಾದವು. ಮನೆ ಬಾಗಿಲಿಗೇ ಬರುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಲ್ಲಿ ಶುರುವಾಯಿತು. ಆಶಾ ಅಕ್ಕಂದಿರು ಬಿಸಿಲಲ್ಲಿ ಮನೆ ಮನೆ ತಿರುಗುತ್ತಾರೆ. ಆದರೆ ಅವರು ಬಂದಾಗ ಮನೆಯಲ್ಲಿ ಯಾರಿರುತ್ತಾರೆ ಹೇಳಿ? ಮುದುಕರು, ಮಕ್ಕಳು. ಮೂವತ್ತೈದು, ನಲವತ್ತರವರು ಬೆಂಗಳೂರಿನ ಕಟ್ಟಡದ ಕೆಲಸದಲ್ಲಿ. ಬಿಪಿ, ಶುಗರ್ ಹಿಡಿಯಬೇಕಾದ ವಯಸ್ಸು ಅದೇ ಅಲ್ವಾ? ಅಲ್ಲಿ ಶೆಡ್ಡಿನಲ್ಲಿ ಅವರನ್ನು ಕೇಳುವವರಿಲ್ಲ, ಇಲ್ಲಿ ಪಟ್ಟಿಯಲ್ಲಿ ಹೆಸರಿದ್ದರೂ ಮನುಷ್ಯ ಇಲ್ಲ.

ಅವರು ಊರಿಗೆ ಬರುವ ದಿನಗಳು ನಮಗೆಲ್ಲ ಗೊತ್ತು. ಉಗಾದಿ, ಊರ ಜಾತ್ರೆ, ಮೊಹರಂ. ನಮ್ಮ ಜಿಲ್ಲೆಯ ಮುದಗಲ್ ಮೊಹರಂಗೆ ದುಡಿಯಲು ಹೋದವರೆಲ್ಲ ಜಾತಿ ಮತ ಅನ್ನದೆ ತಪ್ಪದೆ ಬರುತ್ತಾರೆ. ಶಿಬಿರ ಮಾಡಬೇಕಾದದ್ದು ಆಗ. ಸಂಜೆ ಹೊತ್ತು, ಪಂಚಾಯಿತಿ ಕಟ್ಟೆಯ ಹತ್ತಿರ, ಒಂದು ಬಿಪಿ ಯಂತ್ರ, ಶುಗರ್ ನೋಡುವ ಯಂತ್ರ, ಟಾರ್ಚ್, ಮೂತ್ರ ಪರೀಕ್ಷೆಯ ಪಟ್ಟಿ, ಆ ನೈಲಾನ್ ಎಳೆ. ಬಂದ ಫಲಿತಾಂಶವನ್ನು ಒಂದು ಕಾರ್ಡಿನಲ್ಲಿ ಬರೆದು ಕೈಗೆ ಕೊಡಬೇಕು, ಬೆಂಗಳೂರಿನಲ್ಲಿ ತೋರಿಸಿದರೂ ಗುಳಿಗೆ ಸಿಗುವ ಹಾಗೆ. ಲಿಂಗಸುಗೂರು, ಮಸ್ಕಿ, ಸಿಂಧನೂರು, ಮಾನ್ವಿ ಕಡೆಯ ಗೆಳೆಯರು ಈ ಬರಹವನ್ನು ನಿಮ್ಮ ಪಂಚಾಯಿತಿ ಸದಸ್ಯರಿಗೆ, ಪಿಎಚ್‌ಸಿ ಡಾಕ್ಟರಿಗೆ ಕಳಿಸಿ. ನಮ್ಮೂರಿನಲ್ಲಿ ನಾನು ಮಾತಾಡಲು ಶುರು ಮಾಡಿದ್ದೇನೆ, ಜೊತೆಗೆ ಬರುವವರು ಕಮೆಂಟಿನಲ್ಲಿ ತಿಳಿಸಿ.