ಅಡಕತ್ತರಿಯ ನಡುವೆ 220 ಬಾತ್

ಥಾಯ್ಲೆಂಡಿನ ಚಿಯಾಂಗ್ ಮಾಯ್‌ಗೆ ಬಂದ ನಾಲ್ಕನೇ ದಿನ ಒಂದು ಎಟಿಎಂ ಎದುರು ನಿಂತು ನಾನು ಬೆವರಿದ ಕಥೆಯನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಮೊನ್ನೆ ನಮ್ಮ ಶಾಲೆಗೆ ಹೊಸದಾಗಿ ಬರಲಿರುವ ಶಿಕ್ಷಕಿಯೊಬ್ಬರು ಫೋನ್ ಮಾಡಿ, "ಮೇಡಂ, ಕಾರ್ಡ್ ಇದ್ದರೆ ಸಾಕಲ್ಲವೇ, ನಗದು ಯಾಕೆ ಹೊತ್ತು ತರಬೇಕು?" ಎಂದು ಕೇಳಿದರು. ಅವರಿಗೆ ಕೊಟ್ಟ ಉತ್ತರ ಉದ್ದವಾಗುತ್ತಾ ಹೋಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬಾಡಿಗೆ ಕೋಣೆ ಸಿಕ್ಕಿತ್ತು. ತಿಂಗಳಿಗೆ 9,000 ಬಾತ್ (ಬಾತ್ ಎಂದರೆ ಇಲ್ಲಿಯ ಹಣ). ಇಲ್ಲಿಯ ರೂಢಿಯಂತೆ ಎರಡು ತಿಂಗಳ ಠೇವಣಿ, ಒಂದು ತಿಂಗಳ ಮುಂಗಡ ಬಾಡಿಗೆ ಸೇರಿ ಒಟ್ಟು 27,000 ಬಾತ್ ಕೊಡಬೇಕಿತ್ತು. ಮನೆಯೊಡತಿ ಒಳ್ಳೆಯ ಹೆಂಗಸು, ಆದರೆ ಹಣ ಕೈಗೆ ಬಂದ ಮೇಲೆ ಬೀಗದ ಕೈ ಎಂದಿದ್ದಳು. ನನ್ನ ಊರಿನ ಖಾತೆಯಲ್ಲಿ ಹಣವಿತ್ತು, ಕೈಯಲ್ಲಿ ಕಾರ್ಡ್ ಇತ್ತು. ಇನ್ನೇನು ಬೇಕು ಎಂದುಕೊಂಡು ಹೊರಟೆ.

ಆ ಯಂತ್ರ ಒಂದು ಸಲಕ್ಕೆ ಕೊಡುವುದು ಹೆಚ್ಚೆಂದರೆ 20,000. ಸರಿ, ಅಷ್ಟನ್ನೇ ಒತ್ತಿದೆ. "ಈ ವಹಿವಾಟಿಗೆ 220 ಬಾತ್ ಶುಲ್ಕವಿದೆ, ಒಪ್ಪುವಿರಾ?" ಎಂದು ಕೇಳಿತು. ಒಪ್ಪಿದೆ. ಒಳಗೆ ಏನೋ ಗುರ್ ಎಂದಿತು, ಕಾರ್ಡ್ ಹೊರಗೆ ಬಂತು, ಹಣ ಬರಲಿಲ್ಲ. ವಹಿವಾಟು ಸಾಧ್ಯವಿಲ್ಲ ಎಂಬ ಒಂದು ಸಾಲು, ಅಷ್ಟೇ. ಕಾರಣವಿಲ್ಲ. ಮತ್ತೆ ಮಾಡಿದೆ, ಮತ್ತೆ ಅದೇ. ಹಿಂದೆ ನಾಲ್ಕೈದು ಜನ ಸೇರಿದ್ದರು. ಈ ದೇಶದವರು ಯಾರೂ ಗೊಣಗುವುದಿಲ್ಲ, ಮುಗುಳ್ನಗುತ್ತಾರೆ. ಅದು ಗೊಣಗುವುದಕ್ಕಿಂತ ಹೆಚ್ಚು ನಾಚಿಕೆ ತರಿಸುತ್ತದೆ.

ಪಕ್ಕಕ್ಕೆ ಸರಿದು ಒಂದು ಚೀಟಿಯ ಹಿಂದೆ ಲೆಕ್ಕ ಹಾಕಿದೆ. ಹೊರಡುವ ಮುನ್ನ ಕಾರ್ಡ್‌ನ ದಿನದ ಮಿತಿಯನ್ನು ನಾನೇ 50,000 ರೂಪಾಯಿಗೆ ನಿಗದಿ ಮಾಡಿದ್ದೆ. ಅಂದಿನ ದರದಲ್ಲಿ ಒಂದು ಬಾತ್‌ಗೆ 2 ರೂಪಾಯಿ 48 ಪೈಸೆ. 20,000 ಬಾತ್ ಎಂದರೆ 49,600 ರೂಪಾಯಿ, ಮಿತಿಯೊಳಗೇ ಇದೆ. ಹಾಗಾದರೆ ತಕರಾರು ಎಲ್ಲಿ? ಶುಲ್ಕ ಸೇರಿಸಿ ನೋಡಿದಾಗ ತಿಳಿಯಿತು: 20,220 ಬಾತ್ ಎಂದರೆ 50,145 ರೂಪಾಯಿ. ನನ್ನದೇ ಹಣವನ್ನು ನನಗೆ ಕೊಡಲು ಅವರು ಕೇಳಿದ ಕೂಲಿಯೇ ನನ್ನನ್ನು ಮಿತಿಯಾಚೆ ತಳ್ಳಿತ್ತು.

ಮಿತಿ ಏರಿಸೋಣವೆಂದರೆ ಬ್ಯಾಂಕಿನ ಆ್ಯಪ್ ತೆರೆಯಬೇಕು. ಅದು ತೆರೆಯಲು ಊರಿನ ಸಿಮ್ ಫೋನಿನೊಳಗೆ ಇರಬೇಕು. ಫೋನಿನಲ್ಲಿ ಥಾಯ್ ಸಿಮ್ ಇತ್ತು. ಊರಿನದು ವಸತಿಗೃಹದಲ್ಲಿ, ಪಾಸ್‌ಪೋರ್ಟ್ ಹೊದಿಕೆಯ ಒಳಗೆ ಟೇಪ್ ಹಾಕಿ ಅಂಟಿಸಿದ್ದು. ಅದಕ್ಕೂ ರೋಮಿಂಗ್ ಹಾಕಿಸಿರಲಿಲ್ಲ.

ಮತ್ತೆ ಸರತಿಯ ಕೊನೆಗೆ ಹೋಗಿ ನಿಂತು 19,900 ಒತ್ತಿದೆ. ಬಂತು. (ಈ 900ರ ಉಪಾಯವನ್ನು ಇಲ್ಲಿ ಹಳಬರೆಲ್ಲರೂ ಬಳಸುತ್ತಾರೆ. 20,000 ಎಂದರೆ ಬರೀ ಸಾವಿರದ ನೋಟುಗಳು ಬರುತ್ತವೆ. ಕೆಂಪು ಸೊಂಗ್‌ಥಿಯೋ ಗಾಡಿಯ ಚಾಲಕನಿಗೆ 30 ಬಾತ್ ಕೊಡಲು ಸಾವಿರದ ನೋಟು ಚಾಚಿದರೆ ಅವನು ನೋಡುವ ನೋಟವೇ ಬೇರೆ.) ಉಳಿದ 7,100ಕ್ಕೆ ಮಾರನೆಯ ದಿನ ಮತ್ತೆ ಯಂತ್ರ, ಮತ್ತೆ 220.

ಇದನ್ನೇ ನಾನು ಅಡಕತ್ತರಿ ಎನ್ನುವುದು. ಎಷ್ಟು ತೆಗೆದರೂ ಒಂದೇ ಶುಲ್ಕವಾದ್ದರಿಂದ, ಒಮ್ಮೆಗೇ ಹೆಚ್ಚು ತೆಗೆಯುವುದು ಜಾಣತನ. 20,000ಕ್ಕೆ 220 ಎಂದರೆ ಶೇಕಡಾ 1.1. 1,000ಕ್ಕೆ 220 ಎಂದರೆ ಶೇಕಡಾ 22! ಆದರೆ ಹೆಚ್ಚು ತೆಗೆಯಲು ಹೋದರೆ ಮಿತಿ ಅಡ್ಡ ಬರುತ್ತದೆ. ಒಂದು ಅಲಗು ಯಂತ್ರದ್ದು, ಇನ್ನೊಂದು ನಮ್ಮ ಬ್ಯಾಂಕಿನದು. ಶುಲ್ಕವೊಂದೇ ಇದ್ದಿದ್ದರೆ ಸಹಿಸಬಹುದಿತ್ತು, ಮಿತಿಯೊಂದೇ ಇದ್ದಿದ್ದರೂ ಸಹಿಸಬಹುದಿತ್ತು. ಎರಡೂ ಕೂಡಿದಾಗ ಹೋಳಾಗುವುದು ಖಾತೆಯಲ್ಲಿ ಕಡಿಮೆ ಹಣ ಇರುವವನು. ಸಂಬಳ ಬರುವವರೆಗೆ 2,000, 3,000 ಎಂದು ತೆಗೆದು ದಿನ ದೂಡುವವನು ಕೊಡುವ ಪಾಲು, ಪ್ರವಾಸಕ್ಕೆ ಬಂದು 20,000 ಎಳೆಯುವವನ ಪಾಲಿನ ಸುಮಾರು ಏಳರಿಂದ ಹತ್ತು ಪಟ್ಟು.

ವಿದೇಶಿ ಕಾರ್ಡ್‌ಗಳ ಮೇಲೆ ಥಾಯ್ ಬ್ಯಾಂಕುಗಳು ಈ ಶುಲ್ಕ ಹಾಕಲು ತೊಡಗಿದ್ದು 2009ರಲ್ಲಿ, ಆಗ 150 ಬಾತ್. ಆಮೇಲೆ 180, 200, ನಾನು ಬರುವ ಹೊತ್ತಿಗೆ 220. ಯಂತ್ರಕ್ಕೆ ಹಣ ತುಂಬಬೇಕು, ಕಾವಲು ಬೇಕು, ಖರ್ಚಿದೆ, ಒಪ್ಪುತ್ತೇನೆ. ಆದರೆ ನಾವು ಕಾರ್ಡ್ ತೂರಿಸಿದಾಗಲೆಲ್ಲ ನಮ್ಮ ಬ್ಯಾಂಕು ಕಾರ್ಡ್ ಜಾಲದ ಮೂಲಕ ಆ ಯಂತ್ರದ ಬ್ಯಾಂಕಿಗೆ ಒಂದಿಷ್ಟು ಹಣ ಕೊಡುತ್ತದೆ. 220 ಅದರ ಮೇಲೆ ನಮ್ಮಿಂದ ಮಾಡುವ ಇನ್ನೊಂದು ವಸೂಲಿ. ಭಾರತೀಯರನ್ನು ಇಲ್ಲಿಯ ಜನ 'ಖೇಕ್' ಎಂದು ಕರೆಯುತ್ತಾರೆ, ಅತಿಥಿ ಎಂದರ್ಥ. ಅತಿಥಿ ಶುಲ್ಕ ಎಂದು ಬರೆದಿದ್ದರೆ ಸ್ವಲ್ಪ ಸಮಾಧಾನವಾಗುತ್ತಿತ್ತೇನೋ.

ಇಷ್ಟು ಬೈದ ಮೇಲೆ ಒಂದು ವಾರ ಬಿಟ್ಟು ಊರಿನ ಖಾತೆಯ ವಿವರ ತೆಗೆದು ನೋಡಿದೆ. ನನ್ನ ಸಿಟ್ಟಿನ ದಿಕ್ಕೇ ಬದಲಾಯಿತು. ಆ 19,900 ಬಾತ್‌ಗಾಗಿ ಥಾಯ್ ಬ್ಯಾಂಕು ಪಡೆದದ್ದು ಸುಮಾರು 545 ರೂಪಾಯಿ. ನನ್ನ ಸ್ವಂತ ಬ್ಯಾಂಕು ವಿದೇಶಿ ವಿನಿಮಯದ ಹೆಸರಿನಲ್ಲಿ ಶೇಕಡಾ 3.5, ವಿದೇಶಿ ಎಟಿಎಂ ಶುಲ್ಕವೆಂದು 125 ರೂಪಾಯಿ, ಎರಡರ ಮೇಲೂ ಶೇಕಡಾ 18 ಜಿಎಸ್‌ಟಿ ಸೇರಿಸಿ ಕತ್ತರಿಸಿದ್ದು 2,200 ರೂಪಾಯಿಗೂ ಹೆಚ್ಚು! ಎದುರಿಗೇ ಕೇಳಿ ಪಡೆದವನನ್ನು ನಾನು ವಾರವಿಡೀ ಶಪಿಸಿದ್ದೆ. ಕೇಳದೆಯೇ ಅವನ ನಾಲ್ಕು ಪಟ್ಟು ಪಡೆದವನು ಪ್ರತಿ ವರ್ಷ ನನ್ನ ಹುಟ್ಟುಹಬ್ಬಕ್ಕೆ ಶುಭಾಶಯದ ಸಂದೇಶ ಕಳಿಸುತ್ತಾನೆ. ಕಾರ್ಡ್ ಪಡೆಯುವಾಗ ನಾನು ಸಹಿ ಮಾಡಿದ ಕಾಗದದಲ್ಲಿ ಈ ಶುಲ್ಕಗಳೆಲ್ಲ ಇದ್ದವು, ಸುಳ್ಳು ಹೇಳುವುದಿಲ್ಲ. ಆದರೆ ಯಂತ್ರದ ಎದುರು ನಿಂತಾಗ ಪರದೆಯ ಮೇಲೆ ಕಾಣುವುದು 220 ಮಾತ್ರ.

ಇನ್ನೊಂದು ಬಲೆ ಇದೆ. ಕೆಲವು ಯಂತ್ರಗಳು ಬಲು ಮರ್ಯಾದೆಯಿಂದ, "ಈ ಮೊತ್ತವನ್ನು ನಿಮ್ಮ ರೂಪಾಯಿಯಲ್ಲೇ ಲೆಕ್ಕ ಹಾಕಿ ಕೊಡಲೇ?" ಎಂದು ಕೇಳುತ್ತವೆ. ಎಷ್ಟು ರೂಪಾಯಿ ಎಂದು ಪೈಸೆ ಸಮೇತ ತೋರಿಸುತ್ತವೆ. ಪರದೇಶದಲ್ಲಿ ನಮ್ಮ ರೂಪಾಯಿ ಕಂಡರೆ ಯಾರಿಗಾದರೂ ಜೀವ ತಂಪಾಗುತ್ತದೆ, ಬೆರಳು ತಾನಾಗಿ ಹೌದು ಎಂಬಲ್ಲಿಗೆ ಹೋಗುತ್ತದೆ. ಹೋಗಬಾರದು. ಆ ದರವನ್ನು ನಿಗದಿ ಮಾಡುವುದು ಯಂತ್ರದ ಕಡೆಯವರು, ತಮ್ಮ ಲಾಭ ಸೇರಿಸಿಯೇ ಮಾಡುತ್ತಾರೆ. ಬೇಡ ಎಂದರೆ ವಹಿವಾಟು ರದ್ದಾಗುತ್ತದೆ ಎಂದು ಹಲವರಿಗೆ ಭಯ. ರದ್ದಾಗುವುದಿಲ್ಲ, ಬಾತ್‌ನಲ್ಲೇ ಮುಂದುವರಿಯುತ್ತದೆ. ಹೌದು ಎಂದರೂ 220 ಮಾತ್ರ ತಪ್ಪುವುದಿಲ್ಲ.

ಇಲ್ಲೇ ಖಾತೆ ತೆರೆದರೆ ಮುಗಿಯಿತಲ್ಲ ಎನ್ನುವವರಿಗೆ: ಸಾಮಾನ್ಯವಾಗಿ ಕೆಲಸದ ಪರವಾನಗಿ ಕೇಳುತ್ತಾರೆ. ನನ್ನದು ಬರಲು ಐದು ವಾರ ಹಿಡಿಯಿತು. ಆ ಐದು ವಾರ ನೂಡಲ್ಸ್ ಅಂಗಡಿಯಲ್ಲಿ, ತರಕಾರಿ ಸಂತೆಯಲ್ಲಿ ಎಲ್ಲರೂ ಕ್ಯೂಆರ್ ಸಂಕೇತಕ್ಕೆ ಫೋನ್ ತೋರಿಸಿ ಹಣ ಕೊಡುತ್ತಿದ್ದರು. ಸಿಂಗಪುರದ ಪೇನೌ ಮತ್ತು ಇಲ್ಲಿಯ ಪ್ರಾಂಪ್ಟ್‌ಪೇ ಎಂಬ ಮೊಬೈಲ್ ಪಾವತಿ ವ್ಯವಸ್ಥೆಗಳು 2021ರಲ್ಲೇ ಕೈಜೋಡಿಸಿ, ಮೊಬೈಲ್ ಸಂಖ್ಯೆ ಇದ್ದರೆ ಸಾಕು ಹಣ ಗಡಿ ದಾಟುವಂತೆ ಮಾಡಿವೆ. ಯೂರೋಪಿಯನ್ ಒಕ್ಕೂಟದಲ್ಲಿ 2002ರ ಜುಲೈಯಿಂದಲೇ, ಯೂರೋ ತೆಗೆಯುವಾಗ ಸ್ವದೇಶದಲ್ಲಿ ಹಾಕುವುದಕ್ಕಿಂತ ಹೆಚ್ಚಿನ ಶುಲ್ಕವನ್ನು ಗಡಿಯಾಚೆ ಹಾಕುವಂತಿಲ್ಲ ಎಂಬ ನಿಯಮವಿದೆ. ಹಾಗಾಗಿ, ಇದೆಲ್ಲ ತಾಂತ್ರಿಕವಾಗಿ ಅನಿವಾರ್ಯ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

ನಾನು ಕೇಳುವುದು ಉಚಿತ ಸೇವೆಯನ್ನಲ್ಲ. ತೆಗೆದ ಹಣಕ್ಕೆ ತಕ್ಕಂತೆ ಶೇಕಡಾ ಲೆಕ್ಕದಲ್ಲಿ ಶುಲ್ಕ ಹಾಕಲಿ, ಅದಕ್ಕೊಂದು ಗರಿಷ್ಠ ಮಿತಿ ಇರಲಿ. ನಮ್ಮ ಬ್ಯಾಂಕುಗಳು ಕತ್ತರಿಸಿದ ಕೂಡಲೇ ಸಂದೇಶ ಕಳಿಸುತ್ತವೆ, ಆ ಸಂದೇಶದಲ್ಲಿ ವಿನಿಮಯಕ್ಕೆ ಎಷ್ಟು, ಶುಲ್ಕಕ್ಕೆ ಎಷ್ಟು, ತೆರಿಗೆಗೆ ಎಷ್ಟು ಎಂದು ಬಿಡಿಸಿ ಹೇಳಲಿ. ಹಣ ಬರದಿದ್ದರೆ ಯಾಕೆ ಬರಲಿಲ್ಲ ಎಂದು ಒಂದು ಸಾಲು ಬರೆಯಲಿ.

ಹೊಸ ಶಿಕ್ಷಕಿಗೆ ಹೇಳಿದ್ದು ಇಷ್ಟು. ವಿಮಾನ ಹತ್ತುವ ಮುನ್ನವೇ ಕಾರ್ಡ್‌ನಲ್ಲಿ ವಿದೇಶಿ ಬಳಕೆಯನ್ನು ಆನ್ ಮಾಡಿ. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡ್‌ಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ. ಮಿತಿಯನ್ನು ಶುಲ್ಕವೂ ಹಿಡಿಯುವಷ್ಟು ಏರಿಸಿಕೊಳ್ಳಿ. ಊರಿನ ಸಿಮ್‌ಗೆ ರೋಮಿಂಗ್ ಹಾಕಿಸಿ. ಮನೆಯ ಠೇವಣಿಗಾಗುವಷ್ಟು ಡಾಲರ್ ನೋಟು ತಂದು, ಪಾಸ್‌ಪೋರ್ಟ್ ತೋರಿಸಿ ಇಲ್ಲಿಯ ವಿನಿಮಯ ಅಂಗಡಿಯಲ್ಲಿ ಬದಲಾಯಿಸಿ. ಎಲ್ಲವನ್ನೂ ಬರೆದುಕೊಂಡ ಮೇಲೆ ಅವರು, "220 ಕೇಳದ ಯಂತ್ರ ಒಂದೂ ಇಲ್ಲವೇ ಮೇಡಂ?" ಎಂದರು. ನನಗೆ ಇನ್ನೂ ಸಿಕ್ಕಿಲ್ಲ. ಥಾಯ್ಲೆಂಡಿನಲ್ಲಿರುವ ಯಾರಿಗಾದರೂ ಸಿಕ್ಕಿದ್ದರೆ ಕೆಳಗೆ ಬರೆಯಿರಿ, ಮುಂದಿನ ತಿಂಗಳು 14ಕ್ಕೆ ಅವರ ವಿಮಾನ.